ತಾನಾಗಿ ಹತ್ತುವ ಒಲೆ

ನಮ್ಮೂರಿನ ಖಾನಾವಳಿ ರುದ್ರಪ್ಪ ದುಡ್ಡು ಮಾಡಿದ್ದು ಅವನ ಕೈರುಚಿಯಿಂದಲ್ಲ, ಊರಿನ ಅಪ್ಪ-ಅವ್ವಂದಿರು ಬಾಯಿಗೆ ಬೀಗ ಹಾಕಿಕೊಂಡದ್ದರಿಂದ. ಮಗು ಒಂದು ಮಾತು ಕೇಳಿ, ಮನೆಯ ಹಿರಿಯರು ಅದಕ್ಕೆ ನಿಜವಾದ ಉತ್ತರ ಕೊಡದೆ ಹೋದರೆ ನಮ್ಮೂರಲ್ಲಿ ಆ ಮನೆಯ ಒಲೆ ಹತ್ತುವುದಿಲ್ಲ, ಉರಿಯುತ್ತಿದ್ದರೂ ಆರಿಹೋಗುತ್ತದೆ. ಕಟ್ಟಿಗೆ ಗರಿಗರಿಯಾಗಿ ಒಣಗಿದ್ದರೂ ಅಷ್ಟೇ, ಸೀಮೆಎಣ್ಣೆ ಸುರಿದರೂ ಅಷ್ಟೇ. ಗ್ಯಾಸಿನ ಒಲೆ ತಂದು ‘ಇನ್ನು ನಮಗೆ ಈ ಕಾಟ ತಪ್ಪಿತು’ ಎಂದು ಪೇಡೆ ಹಂಚಿದವರು ಅದೇ ಸಂಜೆ ಪಾತ್ರೆ ಹಿಡಿದುಕೊಂಡು ರುದ್ರಪ್ಪನ ಬಾಗಿಲಿಗೆ ಬಂದರು. ಪಕ್ಕದ ಮನೆಯಿಂದ ಕೆಂಡ ತಂದರೆ ಅದು ಹೊಸ್ತಿಲು ದಾಟುವಾಗಲೇ ಬೂದಿಯಾಗುತ್ತದೆ. ರುದ್ರಪ್ಪ ಪಾತ್ರೆ ನೋಡಿಯೇ ತಿಳಿದುಕೊಳ್ಳುತ್ತಾನೆ. ಏನು ಪ್ರಶ್ನೆ ಎಂದು ಅವನು ಯಾರನ್ನೂ ಕೇಳಿದವನಲ್ಲ, “ಎಷ್ಟು ಮಂದಿಗಿ?” ಎಂದಷ್ಟೇ ಕೇಳುತ್ತಾನೆ.

ಊರು ಇದಕ್ಕೆ ಹೊಂದಿಕೊಂಡುಬಿಟ್ಟಿದೆ. ಮದುವೆ ಮನೆಯಲ್ಲಿ ಅಡುಗೆ ಮುಗಿಯುವ ತನಕ ಮಕ್ಕಳನ್ನೆಲ್ಲ ಕೆರೆಯಾಚೆಯ ಬಯಲಿಗೆ ಅಟ್ಟುತ್ತಾರೆ. ಅಜ್ಜಿಯರು ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡೇ ತಿರುಗುತ್ತಾರೆ. ಕೂಸು ಬಾಯಿ ತೆರೆದು ‘ಯಾಕ’ ಅನ್ನುವಷ್ಟರಲ್ಲಿ ಬೆಲ್ಲ ಒಳಗೆ ಹೋಗಿರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರೆ ಒಲೆ ಹತ್ತುತ್ತದೆ. ಗೊತ್ತಿದ್ದೂ ಗೊತ್ತಿಲ್ಲ ಅಂದರೆ ಹೊಗೆಯೂ ಬರುವುದಿಲ್ಲ. ಅದಕ್ಕೇ ನಮ್ಮೂರ ಮಂದಿ ಒಂದು ಜಾಣತನ ಕಲಿತಿದ್ದಾರೆ. ಮಗುವಿನ ಪ್ರಶ್ನೆಯನ್ನು ಎರಡು ಹೋಳು ಮಾಡಿ, ಸುಲಭದ ಹೋಳಿಗೆ ಉತ್ತರ ಕೊಟ್ಟು ಒಲೆಯತ್ತ ಆಸೆಯಿಂದ ನೋಡುವುದು. ಒಮ್ಮೊಮ್ಮೆ ನಡೆಯುತ್ತದೆ, ಬಹಳ ಸಲ ನಡೆಯುವುದಿಲ್ಲ.

ಇನ್ನೊಂದು ದಾರಿ ಇದೆ. ಸುಮ್ಮನೆ ಕಾಯುವುದು. ಕೆಲವು ದಿನ ಖಾನಾವಳಿಯ ರೊಟ್ಟಿ ತಿಂದುಕೊಂಡು, ಏನೂ ಆಗಿಲ್ಲ ಅನ್ನುವಂತೆ ಇದ್ದುಬಿಟ್ಟರೆ ಒಂದು ಮುಂಜಾನೆ ಒಲೆ ತಾನಾಗಿ ಹತ್ತಿಕೊಳ್ಳುತ್ತದೆ. ಯಾರೂ ಕಡ್ಡಿ ಗೀರಬೇಕಾಗಿಲ್ಲ. ‘ಒಲೆವ್ವ ಕಣ್ಣು ತೆರೆದಳು’ ಎಂದು ಮನೆಯವರು ಅದಕ್ಕೆ ಕುಂಕುಮ ಇಟ್ಟು, ಗೋದಿ-ಬೆಲ್ಲದ ಮಾದಲಿ ಮಾಡಿ ನೆರೆಹೊರೆಗೆ ಹಂಚುತ್ತಾರೆ. ಒಲೆ ಯಾಕೆ ಹತ್ತಿತು ಎಂದು ಯಾರೂ ಕೇಳುವುದಿಲ್ಲ. ನನಗೆ ಗೊತ್ತು. ಮಗು ‘ಇರಲಿ ಬಿಡು’ ಎಂದು ಒಳಗೊಳಗೇ ಆ ಪ್ರಶ್ನೆಯನ್ನು ಕೈಬಿಟ್ಟ ಗಳಿಗೆಯಲ್ಲಿ ಅದು ಹತ್ತುತ್ತದೆ.

ನನ್ನ ಹೆಸರು ಫಕೀರವ್ವ. ಕೌದಿ ಹೊಲಿಯುವವಳು. ಮಂದಿ ಹಳೆ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ತಂದು ಕೊಡುತ್ತಾರೆ; ನಾನು ಒಂದರ ಮೇಲೊಂದು ಜೋಡಿಸಿ ದಾರ ಎಳೆದು ಹಾಸುವುದಕ್ಕೆ ಹೊದೆಯುವುದಕ್ಕೆ ಮಾಡಿಕೊಡುತ್ತೇನೆ. ಊರಿನ ಕೂಸುಗಳೆಲ್ಲ ಮೊದಲ ಉಚ್ಚೆ ಹೊಯ್ಯುವುದು ನನ್ನ ಕೌದಿಯ ಮೇಲೆಯೇ. ನಾವು ದೋಣಿಯವರು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಸಮುದ್ರದಾಚೆಯಿಂದ ದೋಣಿಯಲ್ಲಿ ತುಂಬಿ ತಂದರು. ನಮ್ಮ ಮೈ ಕಪ್ಪು, ಕೂದಲು ಗುಂಗುರು. ಊರ ಕೋಟೆಗೆ ಕಲ್ಲು ಹೊತ್ತವರು ನಮ್ಮವರೇ, ಆದರೂ ಮೊನ್ನೆ ಬಂದು ನೆಲೆಸಿದವರು ಸಂತೆಯಲ್ಲಿ ನನ್ನನ್ನು ನಿಲ್ಲಿಸಿ “ನಿಮ್ದು ಯಾವೂರವಾ?” ಎಂದು ಕೇಳುತ್ತಾರೆ. “ಇದ ಊರು” ಅಂದರೆ “ಅಲ್ಲ, ಅದಕ್ಕೂ ಮೊದ್ಲು?” ಅನ್ನುತ್ತಾರೆ. “ಅದಕ್ಕೂ ಮೊದ್ಲು ನಮ್ಮವ್ವನ ಹೊಟ್ಟ್ಯಾಗ ಇದ್ದೆ” ಎಂದು ಹೇಳಿ ನಾನು ಕೊತ್ತಂಬರಿಯ ಚೌಕಾಶಿ ಮುಂದುವರಿಸುತ್ತೇನೆ.

ನನ್ನ ಬಾಯಿ ಮೊದಲಿನಿಂದಲೂ ಹೀಗಿರಲಿಲ್ಲ. ಶಾಲೆಗೆ ಹೋಗುತ್ತಿದ್ದಾಗ ಒಂದು ಸಲ ಫೋಟೊ ತೆಗೆಯುವವನು ಬಂದಿದ್ದ. ಗಿಡ್ಡ ಇದ್ದವರೆಲ್ಲ ಮುಂದೆ ಕೂತರು. ನಾನು ಎಲ್ಲರಿಗಿಂತ ಗಿಡ್ಡ. ಪಾಠ ಹೇಳುವ ಅಕ್ಕೋರು ನನ್ನ ರಟ್ಟೆ ಹಿಡಿದು ಎಬ್ಬಿಸಿ ಎಲ್ಲಕ್ಕೂ ಹಿಂದಿನ ಸಾಲಿನಲ್ಲಿ, ಎತ್ತರದ ಹುಡುಗರ ಬೆನ್ನಿಗೆ ನಿಲ್ಲಿಸಿದರು. ಫೋಟೊ ಬಂದಾಗ ಅದರಲ್ಲಿ ನನ್ನ ರಿಬ್ಬನ್ ಮಾತ್ರ ಇತ್ತು. ನನ್ನನ್ನು ಯಾಕೆ ಹಿಂದೆ ನಿಲ್ಲಿಸಿದರು ಎಂದು ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು, ಆರಿಸುತ್ತಲೇ ಇದ್ದಳು. ಒಲೆ ಆರಿತು. ರುದ್ರಪ್ಪನ ಅಪ್ಪನ ಖಾನಾವಳಿಯಿಂದ ಊಟ ಬಂತು. ಆಮೇಲೆ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಹೊರಳುತ್ತ ‘ಹೋಗಲಿ, ಒಂದು ಫೋಟೊ ತಾನೆ’ ಅಂದುಕೊಂಡೆ. ಅಂದುಕೊಂಡದ್ದೇ ತಡ, ಅಡುಗೆಮನೆಯಲ್ಲಿ ಚಟಚಟ ಸಪ್ಪಳವಾಯಿತು. ಅವ್ವ ಓಡಿ ಬಂದು ಒಲೆಗೆ ಕೈಮುಗಿದು ಕಣ್ಣೀರು ಹಾಕಿದಳು. ಆ ದಿನ ಮಾಡಿದ ಮಾದಲಿಗೆ ತುಪ್ಪ ಬಹಳ ಹಾಕಿದ್ದಳು. ನಾನು ಅದನ್ನು ತಿಂದೆ. ಆಮೇಲೆ ಎಷ್ಟೋ ವರ್ಷ ನಾನು ಯಾರನ್ನೂ ಏನೂ ಕೇಳಲಿಲ್ಲ.

ಈಗ ನನ್ನ ಮಗಳ ಮಾತಿಗೆ ಬರುತ್ತೇನೆ. ನಿಂಬಿ ಎರಡನೆಯ ಇಯತ್ತೆಯಲ್ಲಿ ಓದುತ್ತಾಳೆ. ಬಾಯಿ ಮುಚ್ಚುವ ಪೈಕಿ ಅಲ್ಲ. ಅವಳ ದೆಸೆಯಿಂದ ನಮ್ಮ ಒಲೆ ತಿಂಗಳಿಗೆ ನಾಲ್ಕಾರು ಸಲ ಆರುತ್ತದೆ. ಅವಳಪ್ಪ ದ್ಯಾಮಣ್ಣ ನೀರಿನ ಟ್ಯಾಂಕರ್ ಓಡಿಸುತ್ತಾನೆ, “ನಿನ್ನ ಮಗಳು ಹುಟ್ಟಿದ್ದು ರುದ್ರಪ್ಪನ ಪುಣ್ಯ” ಎಂದು ನನ್ನನ್ನು ಕಾಡಿಸುತ್ತಾನೆ. ನಿಂಬಿಯ ಜೀವದ ಗೆಳತಿ ಎದುರು ಮನೆಯ ಪಮ್ಮಿ. ಪಮ್ಮಿಯ ಅವ್ವ ಸುಶೀಲಕ್ಕ ಈಚೆಗೆ ಗಂಡುಕೂಸು ಹೆತ್ತಾಗ ತೊಟ್ಟಿಲಿಗೆ ಕೌದಿ ಹೊಲಿದವಳು ನಾನು. ನಾಮಕರಣದ ದಿನ ಓಣಿಗೆ ಓಣಿಯೇ ಅಲ್ಲಿ ನೆರೆದಿತ್ತು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು, ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು, ಗುಗ್ಗರಿಯ ಬುಟ್ಟಿ ಹೊರಬಂತು. ಆಮೇಲೆ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹಗ್ಗ ಹಿಡಿದು ತೊಟ್ಟಿಲು ತೂಗಬೇಕು.

ಪಮ್ಮಿ ತೂಗಿ ಹಗ್ಗವನ್ನು ನಿಂಬಿಯ ಕೈಗೆ ಕೊಟ್ಟಳು. ಪಮ್ಮಿಯ ಅಜ್ಜಿ ಅಂಬಕ್ಕಜ್ಜಿ ಎದ್ದು ಬಂದಳು. ಬೈಯಲಿಲ್ಲ, ಗದರಲಿಲ್ಲ. ನಿಂಬಿಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಹಗ್ಗ ತಗೊಂಡು, ಗಲ್ಲ ಸವರಿ, “ನೀ ಗುಗ್ಗರಿ ತಿನ್ನ ಹೋಗು ನಮ್ಮವ್ವ. ಹಸಗೂಸು ಅದು, ನಿನ್ನ ಬಣ್ಣ ಹತ್ತೀತು” ಅಂದಳು. ಎಷ್ಟು ಅಕ್ಕರೆಯಿಂದ ಅಂದಳೆಂದರೆ ಪಕ್ಕದಲ್ಲಿದ್ದವರು ನಕ್ಕರು. ನಾನು ಬುಟ್ಟಿ ಕೆಳಗಿಟ್ಟು ಏಳುವಷ್ಟರಲ್ಲಿ ಜೋಗುಳ ಶುರುವಾಗಿತ್ತು, ಹಗ್ಗ ಇನ್ನೊಂದು ಹುಡುಗಿಯ ಕೈಗೆ ಹೋಗಿತ್ತು. ತೊಟ್ಟಿಲಲ್ಲಿ ಕೂಸು ನನ್ನ ಕೌದಿಯ ಮೇಲೆ ಕಾಲಾಡಿಸುತ್ತಿತ್ತು.

ಮನೆಗೆ ಬಂದು ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ನಿಂಬಿ ಹೊಸ್ತಿಲ ಮೇಲೆ ಕೂತು ಕೇಳಿದಳು, “ಅವ್ವಾ, ನಾ ಹಗ್ಗ ಹಿಡದ್ರ ಕೂಸಿಗಿ ನನ್ನ ಬಣ್ಣ ಹತ್ತತೈತೇನು? ಹತ್ತಿದ್ರ ಕೂಸಿಗಿ ಏನ್ ಕೆಟ್ಟಾಗತೈತಿ?”

ಹಂಚಿನ ಕೆಳಗೆ ಉರಿ ಕುಸಿದು ಹೋಯಿತು. ನಾನೂ ಈ ಊರಿನವಳೇ ತಾನೆ, ಎರಡು ಹೋಳಿನ ಜಾಣತನ ಮಾಡಿದೆ. “ಬಣ್ಣ ಹತ್ತೂದಿಲ್ಲ ಮಗಳ. ಯಾರ ಬಣ್ಣ ಯಾರಿಗೂ ಹತ್ತೂದಿಲ್ಲ. ಅಜ್ಜಿಗಿ ವಯಸ್ಸಾಗೇತಿ, ತಿಳೀದ ಅಂದಾಳ” ಅಂದೆ. ಒಲೆಯಲ್ಲಿ ಒಂದು ನೀಲಿ ನಾಲಗೆ ಎದ್ದು ನನ್ನನ್ನೇ ನೋಡಿದಂತೆ ಮಾಡಿ ಆರಿತು. ದ್ಯಾಮಣ್ಣ ಟ್ಯಾಂಕರ್ ನಿಲ್ಲಿಸಿ ಒಳಗೆ ಬಂದ. ವಿಷಯ ತಿಳಿದು ಅವನ ಮುಖ ಒಂದು ಗಳಿಗೆ ಬಿಗಿಯಾಯಿತು, ಮತ್ತೆ ಮಗಳನ್ನು ಹೆಗಲಿಗೇರಿಸಿಕೊಂಡ. “ನಮ್ಮದು ಪಕ್ಕಾ ಬಣ್ಣ ಅಲೇನವಾ? ತೊಳದ್ರೂ ಹೋಗೂದಿಲ್ಲ, ತಿಕ್ಕಿದ್ರೂ ಹೋಗೂದಿಲ್ಲ. ಅವರದ ಕಚ್ಚಾ ಬಣ್ಣ, ಬಿಸಲಿಗಿ ಕೆಂಪಾಗತೈತಿ!” ಅಂದ. ನಿಂಬಿ ನಕ್ಕಳು. ಒಲೆ ನಗಲಿಲ್ಲ. ಅವನು ಅವಳನ್ನು ಕೆಳಗಿಳಿಸಿ ಪಾತ್ರೆ ಹುಡುಕತೊಡಗಿದ.

ಮಗಳಿಗೆ ಏನು ಹೇಳಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ಆ ಹುಡುಗಿ ನಾಳೆಯಿಂದ ಓಣಿಯ ಪ್ರತಿ ನಗುವನ್ನೂ ತಿರುಗಿಸಿ ಮುರುಗಿಸಿ ನೋಡುತ್ತಾಳಲ್ಲ ಎಂದು ಹಿಂಜರಿದೆ. ಇನ್ನೆರಡು ವರ್ಷ ಹೋಗಲಿ, ಇನ್ನೂ ಸಣ್ಣವಳು ಅಂತ ಮನಸ್ಸು ಹೇಳಿತು. ಹಾಗೆ ಹೇಳಿದ ಮನಸ್ಸೇ ಮರುಗಳಿಗೆ, ಸಣ್ಣವಳೆಂದು ಅಂಬಕ್ಕಜ್ಜಿ ಬಿಟ್ಟಳೇನು ಎಂದೂ ಕೇಳಿತು. ರಾತ್ರಿ ರುದ್ರಪ್ಪನ ರೊಟ್ಟಿ ತಿಂದೆವು. ಅವನ ಪುಂಡಿಪಲ್ಲೆಗೆ ಉಪ್ಪು ಯಾವಾಗಲೂ ಜಾಸ್ತಿ.

ಮರುದಿನ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂಬಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಣ್ಣ ಹೋಗಲೆಂದು ಇಟ್ಟಿಗೆಯ ಚೂರಿನಿಂದ ಮೊಣಕೈ ತಿಕ್ಕಿಕೊಳ್ಳುತ್ತಿದ್ದಾಳೇನೋ ಎಂದು ಓಡಿ ಹೋದೆ. ಹಾಗೆ ಮಾಡಿದ ಮಕ್ಕಳನ್ನು ನಮ್ಮ ದೋಣಿಯವರಲ್ಲಿ ನಾನು ಕಂಡಿದ್ದೇನೆ. ಅವಳು ಅದನ್ನೇನೂ ಮಾಡುತ್ತಿರಲಿಲ್ಲ. ತನ್ನ ಎರಡೂ ಅಂಗೈ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. “ಅವ್ವಾ, ಇಲ್ನೋಡು. ಅಂಗೈ ಬೆಳ್ಳಗೈತಿ. ನಾ ಹಗ್ಗ ಅಂಗೈಲೆ ಹಿಡದಿದ್ನೆಲ್ಲ, ಅಂದಮ್ಯಾಲ ಹೆಂಗ ಹತ್ತತೈತಿ? ಅಜ್ಜಿ ನನ್ನ ಅಂಗೈ ನೋಡಿಲ್ಲ, ಅದಕ್ಕ ಹಂಗಂದ್ಲು. ನಾ ಹೋಗಿ ತೋರಸ್ಲ್ಯಾ?”

ಅಯ್ಯೋ ನನ್ನ ಕರುಳೇ! ಅಂಗೈ ತೋರಿಸಿ ಒಳಗೆ ಬಿಡಿ ಎಂದು ಕೇಳಲು ಹೊರಟಿತ್ತು ನನ್ನ ಕೂಸು. ನಾನು ಅವಳ ಎರಡೂ ಕೈ ಮುಚ್ಚಿ ಹಿಡಿದೆ. “ಯಾರಿಗೂ ತೋರಸಬ್ಯಾಡ” ಅಂದೆ. “ಯಾಕ?” ಅಂದಳು. ಮನೆಯ ಒಲೆ ಮೊದಲೇ ಆರಿತ್ತು, ಇನ್ನೆಷ್ಟು ಆರೀತು.

ಮಧ್ಯಾಹ್ನ ಸುಶೀಲಕ್ಕ ಬಂದಳು, ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು, ಹಿತ್ತಲ ಬಾಗಿಲಿನಿಂದ. ಅವಳ ಕೈಯಲ್ಲೂ ಖಾನಾವಳಿಯ ಪಾತ್ರೆ ಇತ್ತು. ಅದನ್ನು ನೋಡಿಯೇ ನನಗೆ ತಿಳಿಯಿತು. “ಫಕೀರವ್ವ, ಪಮ್ಮಿ ಕೇಳಿಬಿಟ್ಲು” ಅಂದಳು. “ಅಜ್ಜಿ ನಿಂಬಿ ಕೈಯಾನ ಹಗ್ಗ ಯಾಕ ಕಸಗೊಂಡ್ಲು ಅಂತ. ನಿನ್ನೆಯಿಂದ ಒಲಿ ಇಲ್ಲ. ಕೂಸಿಗಿ ಎರ್‍ಯಾಕ ಬಿಸಿನೀರಿಲ್ಲ, ನನಗ ಹೊಟ್ಟಿಗಿ ಬಿಸಿ ಇಲ್ಲ. ಹಾಲು ಹಿಂಗಾಕತ್ತೇತಿ.”

“ಹೇಳ್ರಲ್ಲ ಅಕ್ಕಾರ ಮತ್ತ, ಯಾಕ ಕಸಗೊಂಡ್ರು ಅಂತ” ಅಂದೆ.

ಅವಳು ನೆಲ ನೋಡಿದಳು. “ನಮ್ಮತ್ತಿ ಒಂದು ಉಪಾಯ ಹೇಳ್ಯಾರ. ನಿಂಬಿ ಕೈಗಿ ಗುಗ್ಗರಿಯ ಅಂಟು ಇತ್ತು, ಅದಕ್ಕ ಹಗ್ಗ ತಗೊಂಡೆ ಅಂತ ಪಮ್ಮಿಗಿ ಹೇಳೂಣು ಅಂತ. ನಾ ಹೇಳಿದ್ರ ಆಕಿ ನಂಬೂದಿಲ್ಲ. ನೀ ಒಂದ್ ಮಾತು ಬಂದು ಹೌದು ಅಂದ್ರ… ಒಲಿ ಹತ್ತೂದಿಲ್ಲ ಖರೆ, ಆದ್ರ ಆಕಿ ನಂಬಿದ್ರ ಮರೀತಾಳ, ಮರತ್ರ ತಾನ ಹತ್ತತೈತಿ. ನಿಂಬೀನೂ ಮರೀತಾಳ. ಹುಡುಗ್ರ ಮನಸ್ಸು ಎಷ್ಟರದ? ಎರಡೂ ಮನಿ ಒಲಿ ಹತ್ತತಾವ.”

ಸುಶೀಲಕ್ಕ ಕೆಟ್ಟವಳಲ್ಲ. ನನಗೆ ಜ್ವರ ಬಂದಾಗ ಗಂಜಿ ತಂದವಳು, ನಿಂಬಿಗೂ ಪಮ್ಮಿಗೂ ಒಂದೇ ತರದ ಬಳೆ ತೊಡಿಸಿದವಳು. ಅವಳ ಎದೆಹಾಲು ಹಿಂಗುವುದು ನನಗೇನು ಖುಷಿಯೇ? ಬಾಯಿ ತುದಿಗೆ ‘ಆಗಲಿ’ ಬಂದಿತ್ತು. ಆಗ ಒಳಗಿನಿಂದ ನಿಂಬಿ ಅಂದಳು, “ನನ್ನ ಕೈ ಸ್ವಚ್ಛ ಇತ್ತವ್ವಾ. ನಾ ಗುಗ್ಗರಿ ತಿಂದಿರಲೇ ಇಲ್ಲ.” ಸುಶೀಲಕ್ಕನ ಮುಖ ಸಣ್ಣದಾಯಿತು. ನಾನು ಅಂದೆ, “ಅಕ್ಕಾರ, ಹಾಲಿಗಿ ನೀವು ಹೇಳಿದ್ದೆಲ್ಲ ಮಾಡ್ತೀನಿ, ರುದ್ರಪ್ಪನ ಒಲಿಮ್ಯಾಲ ನೀರು ಕಾಸಿ ಹೊತ್ತು ತರ್ತೀನಿ. ನನ್ನ ಮಗಳ ಕೈ ಹೊಲಸಿತ್ತು ಅಂತ ಮಾತ್ರ ಅನ್ನೂದಿಲ್ಲ.” ಅವಳು ಪಾತ್ರೆ ಎತ್ತಿಕೊಂಡು ಹೋದಳು. ನಾನು ಹೇಳಿದ ಹಾಗೆ ಸಂಜೆ ಒಂದು ಹಂಡೆ ಬಿಸಿನೀರು ಹೊತ್ತು ಅವಳ ಹಿತ್ತಲಿಗೆ ಇಟ್ಟು ಬಂದೆ.

ಅದರ ಮರುದಿನ ಬೆಳಗಿನ ಮಾತು. ನಾನು ಅಂಗಳ ಗುಡಿಸಿ ಒಳಗೆ ಬಂದೆ. ನಿಂಬಿ ಎದ್ದು ಒಲೆಯ ಮುಂದೆ ಕೂತಿದ್ದಳು, ಕೂದಲು ಕೆದರಿಕೊಂಡು, ಗದ್ದಕ್ಕೆ ಮೊಣಕಾಲು ಕೊಟ್ಟು. ಪಮ್ಮಿಯ ಮನೆಯಲ್ಲಿ ಕೂಸು ಅಳುವುದು ಇಲ್ಲಿಗೆ ಕೇಳುತ್ತಿತ್ತು. ನಿಂಬಿ ನನ್ನ ಕಡೆ ನೋಡದೆ, ದೊಡ್ಡವರ ದನಿಯಲ್ಲಿ ಅಂದಳು, “ಇರ್ಲಿ ಬಿಡವ್ವಾ. ನಾ ತೊಟ್ಟಲ ತೂಗದಿದ್ರೇನಾತು. ನನಗೇನ್ ಆಸೆ ಇಲ್ಲ.”

ಒಲೆಯ ಬಾಯಿಂದ ಸಣ್ಣಗೆ ಹೊಗೆ ಬಂತು. ಬೂದಿಯ ಒಳಗೆ ಎಲ್ಲೋ ಚಟ್ ಎಂದು ಸಪ್ಪಳವಾಯಿತು. ನನಗೆ ಆ ಸಪ್ಪಳ ಗೊತ್ತು. ಅಷ್ಟು ವರ್ಷದ ಹಿಂದೆ ಹಾಸಿಗೆಯಲ್ಲಿ ಮಲಗಿ ಕೇಳಿದ್ದು ಅದೇ. ತುಪ್ಪ ಹಾಕಿದ ಆ ಮಾದಲಿಯ ರುಚಿ ಗಂಟಲಲ್ಲಿ ಬಂದು ನಿಂತಿತು. ಕಟ್ಟಿಗೆಯ ತುದಿಯಲ್ಲಿ ಕೆಂಪು ಕಾಣಿಸಿತು. ನಾನು ಓಡಿ ಹೋಗಿ ಕುಡಿಯುವ ನೀರಿನ ಕೊಡ ಎತ್ತಿ ಒಲೆಯ ಮೇಲೆ ಧಡಾರನೆ ಸುರಿದುಬಿಟ್ಟೆ.

ಬೂದಿ ಎದ್ದು ಮುಖಕ್ಕೆ ಬಡಿಯಿತು. ಅಡುಗೆಮನೆ ತುಂಬ ಕಪ್ಪು ನೀರು. ದ್ಯಾಮಣ್ಣ ಹಲ್ಲುಜ್ಜುತ್ತಿದ್ದವನು ಹಾಗೆಯೇ ಓಡಿ ಬಂದ, “ಹುಚ್ಚ ಹಿಡೀತೇನ ನಿನಗ? ಹತ್ತೂ ಒಲಿಗಿ ನೀರು ಹಾಕ್ತಾರೇನು!” ಅಂದ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ “ಶಿವಶಿವಾ, ಮನಿ ಹಾಳಾಗತೈತಿ” ಅಂದಳು. ಆಗಲಿ ಅಂದುಕೊಂಡೆ. ಮನೆ ಹಾಳಾಗುವುದು ಹೇಗೆಂದು ಆ ಇಬ್ಬರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ನಿಂಬಿ ಹೆದರಿ ಗೋಡೆಗೆ ಒರಗಿದ್ದಳು. ನಾನು ಒದ್ದೆ ಸೀರೆಯಲ್ಲೇ ಅವಳ ಮುಂದೆ ಕೂತೆ. “ಬಿಡಬ್ಯಾಡ” ಅಂದೆ. “ನಿನಗ ಆಸೆ ಐತಿ. ನೀ ಕೇಳಿದ್ದು ಛಲೋ ಪ್ರಶ್ನೆ. ನಾ ಅರ್ಧಕ್ಕ ಉತ್ತರ ಕೊಟ್ಟೆ. ಮತ್ತ ಕೇಳು.” ಅವಳು ತಲೆ ಅಲ್ಲಾಡಿಸಿದಳು. “ಕೂಸು ಅಳತೈತಿ” ಅಂದಳು. “ಅಳ್ಲಿ. ಅಲ್ಲೇ ಹೋಗಿ ಕೇಳು. ಹಗ್ಗ ಎಲ್ಲಿ ಕಸಗೊಂಡ್ರೋ ಅಲ್ಲೇ ನಾ ಹೇಳ್ತೀನಿ. ಕತ್ತಲಿ ಕೋಣ್ಯಾಗ ಪಿಸುಗುಟ್ಟೂ ಮಾತಲ್ಲ ಇದು.” ದ್ಯಾಮಣ್ಣ ಬಾಯಿ ಮುಕ್ಕಳಿಸಿ ಬಂದು ನಮ್ಮಿಬ್ಬರನ್ನೂ ನೋಡಿದ. ತಮಾಷೆ ಮಾಡಲಿಲ್ಲ. ಮಗಳ ಕೆದರಿದ ಕೂದಲನ್ನು ಬಿಗಿಯಾಗಿ ಎರಡು ಜಡೆ ಹಾಕಿ, “ನಡೀರಿ, ನಾನೂ ಬರ್ತೀನಿ” ಅಂದ.

ಎದುರು ಮನೆಯ ಅಡುಗೆಮನೆಯಲ್ಲಿ ಸುಶೀಲಕ್ಕ ಸತ್ತ ಒಲೆಯ ಪಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ಪಮ್ಮಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಅಂಬಕ್ಕಜ್ಜಿ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ನನ್ನ ಒದ್ದೆ ಸೀರೆ ನೋಡಿ, “ಏನವಾ ಇದು, ಮುಂಜಮುಂಜಾನೆ?” ಅಂದಳು. “ಅಜ್ಜಿ, ನಿಮ್ಮ ಮುಂದ ನನ್ನ ಮಗಳು ಒಂದ್ ಮಾತು ಕೇಳತಾಳ. ನಾ ಉತ್ತರ ಕೊಡ್ತೀನಿ. ಕೇಳಿ ಬೈರಿ, ನಾ ಬೈಸ್ಕೋತೀನಿ” ಅಂದೆ. ನಿಂಬಿ ನನ್ನ ಸೆರಗು ಹಿಡಿದು ನಿಂತಳು. ಪಮ್ಮಿಯನ್ನು ನೋಡಿದಳು. ಆಮೇಲೆ ಒಂದೇ ಉಸಿರಿನಲ್ಲಿ ಕೇಳಿಬಿಟ್ಟಳು, “ನನ್ನ ಬಣ್ಣ ಹತ್ತಿದ್ರ ಕೂಸಿಗಿ ಏನ್ ಕೆಟ್ಟಾಗತೈತಿ?”

“ಏನೂ ಕೆಟ್ಟಾಗೂದಿಲ್ಲ” ಅಂದೆ. “ಬಣ್ಣ ಹತ್ತೂದಿಲ್ಲ. ಹತ್ತಿದ್ರೂ ಏನೂ ಕೆಟ್ಟಾಗ್ತಿರಲಿಲ್ಲ, ನಿನ್ನಂಗ ಇರತಿತ್ತು, ಅಷ್ಟ. ಆದ್ರ ಕೆಟ್ಟ ಅಂತ ಅನ್ನಾವ್ರು ಅದಾರ, ನಿಂಬಿ. ಯಾಕಂದ್ರ ನಮ್ಮ ಹಿರೇರನ್ನ ದೋಣ್ಯಾಗ ತಂದು ಈ ಊರ ಸಂತ್ಯಾಗ ಮಾರಿದ್ರು. ಮನಷ್ಯಾರನ್ನ ಮಾರೂದು ಪಾಪ ಅಂತ ಮಾರಾವ್ರಿಗೂ ಗೊತ್ತಿತ್ತು. ಅದಕ್ಕ ಅವ್ರು, ಇವ್ರು ನಮ್ಮಂಥ ಮನಷ್ಯಾರಲ್ಲ, ಬಣ್ಣ ನೋಡ್ರಿ, ಕೂದಲಾ ನೋಡ್ರಿ ಅಂದ್ರು. ಕೊಳ್ಳಾವ್ರಿಗಿ ಆ ಮಾತು ಅನುಕೂಲಾತು. ಮಾರೂದು ನಿಂತತು, ಮಾತು ನಿಂದರಲಿಲ್ಲ. ಅಜ್ಜಿಗಿ ಆಕಿ ಅಜ್ಜಿ ಹೇಳಿದ್ಲು. ಅದು ಸುಳ್ಳು. ಅಕ್ಕರತೀಲೆ ಹೇಳಿದ್ರೂ ಸುಳ್ಳ. ನೀ ಏನೂ ತಪ್ಪು ಮಾಡಿಲ್ಲ, ನಿನ್ನ ಕೈ ಹೊಲಸಿರಲಿಲ್ಲ. ಅಂಗೈ ಯಾರಿಗೂ ತೋರಸಬ್ಯಾಡ ಅಂದ್ನೆಲ್ಲ, ಯಾಕಂದ್ರ ಅಂಗೈ ಒಳ್ಳೇದು, ಮುಂಗೈ ಕೆಟ್ಟದು ಅಂತ ಆಗಬಾರದು. ಎರಡೂ ನಿನ್ನ ಕೈ. ಇದು ಮತ್ತ ಆಗತೈತಿ ಮಗಳ. ಸಾಲ್ಯಾಗ ಆಗತೈತಿ, ಸಂತ್ಯಾಗ ಆಗತೈತಿ. ಆಗದಂಗ ಮಾಡಾಕ ನನ್ನ ಕೈಲೆ ಆಗೂದಿಲ್ಲ. ಆದಾಗೆಲ್ಲ ಮನಿಗಿ ಬಂದು ಕೇಳು. ನಾ ಹೇಳ್ತೀನಿ, ನಿಮ್ಮಪ್ಪ ಹೇಳತಾನ. ಇದನ್ನ ಹೇಳಾಕ ನನಗ ಸಿಟ್ಟು ಬರತೈತಿ, ಅಳೂನೂ ಬರತೈತಿ. ಆದ್ರೂ ಹೇಳ್ತೀನಿ.”

ಅಂಬಕ್ಕಜ್ಜಿಯ ಎಲೆ ಕೈಯಲ್ಲೇ ಇತ್ತು. “ಎಂಥಾ ಮಾತು ಹೇಳತೀಯವಾ ಸಣ್ಣ ಹುಡುಗ್ರ ಮುಂದ” ಅಂದಳು. “ನಾ ಪ್ರೀತೀಲೆ ಅಂದಿದ್ದು. ನಿನ್ನ ಕೌದಿ ಮ್ಯಾಲ ನನ್ನ ಮೊಮ್ಮಗನ್ನ ಹಾಕೀನಿ, ನಾ ಭೇದ ಮಾಡಾಕಿದ್ರ ಹಾಕ್ತಿದ್ನೇನು?” “ಕೌದಿ ನಡೀತೈತಿ ಅಜ್ಜಿ, ಕೈ ನಡೆಯೂದಿಲ್ಲ. ಅದನ್ನ ನಾ ಹೇಳಾಕತ್ತಿದ್ದು” ಅಂದೆ. ಅವಳು ಮುಖ ತಿರುಗಿಸಿದಳು.

ಆಗ ಪಮ್ಮಿ ಮೂಲೆಯಿಂದ, “ನಾ ಕೇಳಿದ್ದಕ್ಕ ಯಾರೂ ಹೇಳಲೇ ಇಲ್ಲ” ಅಂದಳು. ಎಲ್ಲರೂ ಸುಶೀಲಕ್ಕನನ್ನು ನೋಡಿದೆವು. ಆ ಮನೆಯ ಒಲೆಗೆ ನನ್ನ ಮಾತು ಸಾಲದು, ಆ ಮನೆಯವರೇ ಹೇಳಬೇಕು. ಸುಶೀಲಕ್ಕ ಅತ್ತೆಯನ್ನು ನೋಡಿದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ. ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. “ಪಮ್ಮಿ, ಅಜ್ಜಿ ಹಗ್ಗ ಕಸಗೊಂಡಿದ್ದು ನಿಂಬಿ ಕರ್ರಗದಾಳ ಅಂತ. ಅದು ತಪ್ಪು” ಅಂದಳು. ಒಲೆಯಲ್ಲಿ ಏನೂ ಆಗಲಿಲ್ಲ. ಅವಳು ಕಣ್ಣು ಮುಚ್ಚಿದಳು. “ನಾ ನೋಡಿದೆ. ಸುಮ್ನ ಕುಂತೆ. ಯಾಕಂದ್ರ ನನಗೂ ಒಳಗ ಅಂಜಿಕಿ ಇತ್ತು. ಬಸರಿದ್ದಾಗ ದಿನಾ ಕೇಸರಿ ಹಾಲು ಕುಡೀತಿದ್ನೆಲ್ಲ, ಕೂಸು ಬೆಳ್ಳಗಾಗ್ಲಿ ಅಂತ ಕುಡದೆ. ಅಜ್ಜಿ ಹಗ್ಗ ತಗೊಂಡಾಗ ನನಗ, ನನಗ… ಛಲೋ ಆತು ಅನಿಸಿತ್ತು.”

ಒಲೆ ಭುಗಿಲ್ಲೆಂದು ಹತ್ತಿತು. ಸುಶೀಲಕ್ಕ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಆ ಮಾತು ಕೇಳಿ ಮೈ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ನನಗೆ ಆ ಬೆಂಕಿ ಬೆಚ್ಚಗೂ ಇತ್ತು. ಅಜ್ಜಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. ಕಡೆಗೆ ಒಲೆಗೇ ಹೇಳುವಂತೆ “ನೀರು ಇಡ್ರಿ, ಕೂಸಿಗಿ ಎರೀಬೇಕು” ಅಂದಳು. ಅದಕ್ಕಿಂತ ಹೆಚ್ಚಿನದು ಅವಳ ಬಾಯಿಂದ ಆ ದಿನ ಬರಲಿಲ್ಲ.

ಪಮ್ಮಿ ಓಡಿ ಹೋಗಿ ತೊಟ್ಟಿಲ ಹಗ್ಗದ ತುದಿ ಎಳೆದು ತಂದು ನಿಂಬಿಯ ಮುಂದೆ ಹಿಡಿದಳು. “ತಗೋ, ತೂಗು.” ನಿಂಬಿ ಹಗ್ಗ ಮುಟ್ಟಿದಳು. ಮುಂಗೈಯಿಂದ ಒಮ್ಮೆ, ಅಂಗೈಯಿಂದ ಒಮ್ಮೆ ಸವರಿದಳು. ಅಜ್ಜಿಯ ಬೆನ್ನನ್ನು ನೋಡಿ, “ಈಗ ಒಲ್ಲೆ. ಅಜ್ಜಿ ತಾವ ಕರದ್ರ ಬರ್ತೀನಿ” ಅಂದು ಹಗ್ಗ ವಾಪಸು ಕೊಟ್ಟಳು. ದ್ಯಾಮಣ್ಣ ಬಾಗಿಲ ಹೊರಗೆ ನಿಂತಿದ್ದವನು ಮಗಳಿಗೆ ಕೈ ಚಾಚಿದ. ಆ ಕರೆ ಬಂತೋ ಇಲ್ಲವೋ ಎಂದು ಕೇಳಬೇಡಿ, ಇನ್ನೂ ಬಂದಿಲ್ಲ. ಅಜ್ಜಿ ಈಗ ನಿಂಬಿಯನ್ನು ಕಂಡರೆ ಸೆರಗಿನ ಬೆಲ್ಲ ಬಿಚ್ಚುತ್ತಾಳೆ. ನಿಂಬಿ ಬೆಲ್ಲ ತಗೊಂಡು, ಅದನ್ನು ಬಾಯಿಗೆ ಹಾಕಿಕೊಳ್ಳದೆ, ಅಲ್ಲೇ ನಿಂತು ಕಾಯುತ್ತಾಳೆ.

ಮನೆಗೆ ಬಂದಾಗ ಅಡುಗೆಮನೆಯಲ್ಲಿ ಕಪ್ಪು ನೀರು ಹಾಗೆಯೇ ನಿಂತಿತ್ತು. ದ್ಯಾಮಣ್ಣ ಬೂದಿ ಬಳಿದು ಹಾಕಿದ, ನಾನು ಒದ್ದೆ ಕಟ್ಟಿಗೆಯನ್ನೇ ಜೋಡಿಸಿದೆ. ನೀರು ಬಿದ್ದ ಒಲೆ ತಾನಾಗಿ ಹತ್ತೀತೇ, ಕೇಳಿದ ಕೈಯೇ ಕಡ್ಡಿ ಗೀರಲಿ ಎಂದೆ. ನಿಂಬಿ ಗೀರಿದಳು. ನೀರು ಸೋರುತ್ತಿದ್ದ ಕಟ್ಟಿಗೆ ಒಂದೇ ಕಡ್ಡಿಗೆ ಹತ್ತಿ ಉರಿಯಿತು. ಅಷ್ಟು ದೊಡ್ಡ ಉರಿಯನ್ನು ನಮ್ಮ ಒಲೆಯಲ್ಲಿ ನಾನು ಕಂಡಿರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು ನನಗೆ. “ಮಾದಲಿ ಮಾಡ್ಲೇನು?” ಅಂದ ದ್ಯಾಮಣ್ಣ. “ಮಾದಲಿ ಬ್ಯಾಡ, ನಮ್ಮನ್ಯಾಗ ಎಂದೂ ಬ್ಯಾಡ. ಚಾ ಮಾಡೂಣು” ಎಂದು ಹಾಲಿನ ಪಾತ್ರೆ ಇಟ್ಟೆ.

ನಿಂಬಿ ಉರಿಯ ಮುಂದೆ ಕೂತು ಎರಡೂ ಕೈ ಕಾಯಿಸಿಕೊಳ್ಳುತ್ತಿದ್ದಳು. ಅಂಗೈ ಒಮ್ಮೆ, ಮುಂಗೈ ಒಮ್ಮೆ. ಹಾಲು ಅಂಚಿನಲ್ಲಿ ಸಣ್ಣಗೆ ನೊರೆ ಕಟ್ಟುತ್ತಿತ್ತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

“ಅವ್ವಾ, ನೀ ಸಣ್ಣಾಕಿದ್ದಾಗ ನೀನೂ ಕೇಳಿದ್ದೇನು?”

ಉರಿ ಕುಸಿದು ಹೋಯಿತು. ದ್ಯಾಮಣ್ಣ ಹಣೆ ಬಡಿದುಕೊಂಡು ರುದ್ರಪ್ಪನ ಪಾತ್ರೆಗೆ ಕೈ ಹಾಕಿದ. “ಇಡ್ರಿ ಅದನ್ನ” ಅಂದೆ. ಹಾಲಿನ ಪಾತ್ರೆ ಇಳಿಸಿ, ಕೈ ಒರಸಿಕೊಂಡು, ಮಗಳ ಪಕ್ಕ ಕೂತೆ.

“ಹೂಂ” ಅಂದೆ. “ಕೇಳಿದ್ದೆ. ನಮ್ಮ ಸಾಲಿಗಿ ಒಬ್ಬಾಂವ ಫೋಟೊ ತೆಗಿಯಾಂವ ಬಂದಿದ್ದ…”